ಹಾಸನ, ಚಿಕ್ಕಮಗಳೂರಲ್ಲಿ ಮಾರ್ಕೆಟಿಂಗ್ ಕೆಲಸ: ಅಳುಕು ಬಿಡೋದು ಹೇಗೆ, ಪರಿಚಯ ಬೆಳೆಸೋದು ಹೇಗೆ?

ಬಿಎಂ_ರಸ್ತೆ

ಹೋಂಸ್ಟೇ, ರೆಸಾರ್ಟ್, ಕಾಫಿ ಪುಡಿ, ವಾಹನದ ಶೋರೂಂ, ಕೋಚಿಂಗ್ ಸೆಂಟರ್. ನಮ್ಮ ಎರಡೂ ಜಿಲ್ಲೇಲಿ ಮಾರ್ಕೆಟಿಂಗ್ ಕಲಿತವರಿಗೆ ಕೆಲಸ ಸಿಗೋದು ಹೆಚ್ಚುಕಮ್ಮಿ ಇಷ್ಟರಲ್ಲೇ. ಎರಡು ಮೂರು ವರ್ಷ ಆಗೋ ಹೊತ್ತಿಗೆ ಎಲ್ಲರೂ ಒಂದೇ ಕಡೆ ನಿಂತುಬಿಡ್ತಾರೆ. ಪೋಸ್ಟರ್ ಮಾಡೋಕೆ ಬರುತ್ತೆ, ಇನ್‌ಸ್ಟಾ ನೋಡ್ಕೊಳ್ಳೋಕೆ ಬರುತ್ತೆ. ಮಾಲೀಕರ ಎದುರು ಕೂತು ಬಜೆಟ್ ಕೇಳೋಕೆ ಬಾಯಿ ಬರಲ್ಲ, ಆಫೀಸಿನ ಹೊರಗೆ ಯಾರೂ ಗೊತ್ತಿರಲ್ಲ.

"ಧೈರ್ಯ ತಗೋ, ನಾಲ್ಕು ಜನರ ಜೊತೆ ಬೆರೀ" ಅನ್ನೋ ಉಪದೇಶ ಸಾಕಾಗಿದೆ. ಏನು ಮಾಡಬೇಕು, ಎಷ್ಟು ಹೊತ್ತು ಬೇಕು, ಎಲ್ಲಿ ಎಡವುತ್ತೆ, ಅದನ್ನ ಬರೀರಿ. ಆತ್ಮಚರಿತ್ರೆ ದಯವಿಟ್ಟು ಬೇಡ.

ಲೆಕ್ಕದ_ಪುಟ

ಎದೆ ಉಬ್ಬಿಸಿ ನಿಂತರೆ ಅಳುಕು ಹೋಗಲ್ಲ. ಎರಡು ನಿಮಿಷ ಮೈ ಹರಡಿ ಗತ್ತಿನ ಭಂಗಿಯಲ್ಲಿದ್ದರೆ ಹಾರ್ಮೋನೇ ಬದಲಾಗುತ್ತೆ ಅಂತ 2010ರಲ್ಲಿ ಒಂದು ಅಧ್ಯಯನ ಬಂದಿತ್ತು. 2015ರಲ್ಲಿ ಇನ್ನೂ ಹೆಚ್ಚು ಜನರನ್ನಿಟ್ಟು ನೋಡಿದಾಗ ಆ ಹಾರ್ಮೋನ್ ಮಾತು ನಿಲ್ಲಲಿಲ್ಲ. 2016ರಲ್ಲಿ ಮೊದಲು ಬರೆದವರಲ್ಲೇ ಒಬ್ಬರು ತಮಗೆ ಅದರಲ್ಲಿ ನಂಬಿಕೆ ಉಳಿದಿಲ್ಲ ಅಂದರು. ತರಬೇತಿ ಕೊಡೋರು ಮಾತ್ರ ಇನ್ನೂ ಬಿಟ್ಟಿಲ್ಲ.

"ಜಾಹೀರಾತಿಗೆ ಹಾಕಿದ ದುಡ್ಡು ಎಲ್ಲಿ ಹೋಯ್ತು?" ಅಂತ ಮಾಲೀಕರು ಕೇಳಿದಾಗ ಬಾಯಿ ಒಣಗೋದು ಅಂಕಿ ಕೈಯಲ್ಲಿಲ್ಲ ಅಂತ. ಒಂದು ಹೋಂಸ್ಟೇ ಲೆಕ್ಕ ನೋಡಿ. ತಿಂಗಳಿಗೆ ಜಾಹೀರಾತು ₹12,000, ಬಂದ ವಿಚಾರಣೆ 240, ಬುಕಿಂಗ್ 18. ಒಂದು ವಿಚಾರಣೆಗೆ ₹50 ಬಿತ್ತು, ಒಂದು ಬುಕಿಂಗ್‌ಗೆ ಸುಮಾರು ₹667. ಬುಕಿಂಗ್ ಒಂದಕ್ಕೆ ಸರಾಸರಿ ₹7,000 ಅಂದ್ರೂ ಬಂದದ್ದು ₹1,26,000. ಇಷ್ಟು ಹೇಳಿ ಸುಮ್ಮನಾದರೆ ನೀವು ಲೆಕ್ಕ ಒಪ್ಪಿಸಿದ ಹಾಗೆ, ಅಷ್ಟೇ. ಮುಂದಿನ ಮಾತು ಮುಖ್ಯ: "ಸರ್, ಉಳಿದ 222 ಜನ ಯಾಕೆ ಬರಲಿಲ್ಲ ಅಂತ ನೋಡಿದೆ. ವಿಚಾರಣೆ ಬಂದು ಎಷ್ಟು ಹೊತ್ತಿಗೆ ನಾವು ಉತ್ತರ ಕೊಟ್ಟಿದೀವಿ ಅನ್ನೋದರ ಪಟ್ಟಿ ಇದು." ಸಾಮಾನ್ಯವಾಗಿ ಅಲ್ಲೇ ಹುಳುಕು ಇರುತ್ತೆ. ಶನಿವಾರ ಮಧ್ಯಾಹ್ನ ಬಂದ ಮೆಸೇಜ್‌ಗೆ ಭಾನುವಾರ ರಾತ್ರಿ ಉತ್ತರ ಹೋಗಿರುತ್ತೆ. ಇದನ್ನ ತೋರಿಸಿದವರನ್ನ ಯಾರೂ "ಪೋಸ್ಟರ್ ಹುಡುಗ" ಅಂತ ಕರೆಯಲ್ಲ.

ಅಂಕಿ ಸಿಗದೇ ಇರೋಕೆ ಕಾರಣಗಳೂ ಅವೇ ಎಲ್ಲಾ ಕಡೆ. ಫೋನ್ ಮಾಡಿದವರು ಎಲ್ಲಿ ನೋಡಿ ಮಾಡಿದರು ಅಂತ ರಿಸೆಪ್ಷನ್‌ನಲ್ಲಿ ಕೇಳಲ್ಲ. ರಿಜಿಸ್ಟರ್‌ನಲ್ಲಿ ಒಂದು ಕಾಲಂ ಗೀಚಿದರೆ ಸಾಕು. ಲಿಂಕ್‌ಗೆ ಯುಟಿಎಂ (ಜನ ಯಾವ ಜಾಹೀರಾತಿನಿಂದ ಬಂದರು ಅಂತ ತಿಳಿಸೋ ಗುರುತು) ಹಾಕಿರಲ್ಲ. ಹಾಕಿದರೂ ಒಂದು ಸಲ ದೊಡ್ಡಕ್ಷರ, ಇನ್ನೊಂದು ಸಲ ಚಿಕ್ಕಕ್ಷರ. ಗೂಗಲ್ ಅನಲಿಟಿಕ್ಸ್ ಎರಡನ್ನೂ ಬೇರೆ ಬೇರೆ ಅಂತ ಎಣಿಸುತ್ತೆ. ಎಲ್ಲಾ ಚಿಕ್ಕಕ್ಷರ ಅಂತ ಮೊದಲ ದಿನವೇ ನಿಯಮ ಮಾಡ್ಕೊಳ್ಳಿ.

ಶುಕ್ರವಾರ ಸಂಜೆ 15 ನಿಮಿಷ, ಒಂದು ಫೈಲ್, ಮೂರೇ ಸಾಲು: ಏನು ಮಾಡಿದೆ, ಮೊದಲು ಎಷ್ಟಿತ್ತು, ಈಗ ಎಷ್ಟಾಯ್ತು. ದಿನಾಂಕ ಕಾಣೋ ಸ್ಕ್ರೀನ್‌ಶಾಟ್ ಜೊತೆಗಿರಲಿ. ಸಂಬಳ ಕೇಳುವಾಗ, ಇಂಟರ್‌ವ್ಯೂನಲ್ಲಿ, ಹೊಸಬರ ಎದುರು ಪರಿಚಯ ಹೇಳುವಾಗ ಬೇಕಾಗೋದು ಇದೇ ಫೈಲ್. ಕೆಟ್ಟ ವಾರವನ್ನೂ ಬರೀರಿ. ಎಲ್ಲಾ ಏರಿಕೆಯೇ ಇರೋ ಫೈಲನ್ನ ಯಾರೂ ನಂಬಲ್ಲ.

ಕಾಫಿ_ಕಣ

ಲೆಕ್ಕದ ಪುಟದವರ ಮಾತು ಸರಿ. ಆದರೆ ನಮ್ಮ ಕಡೆ ಬರೀ ಜಾಹೀರಾತಿನ ಅಂಕಿ ಹಿಡ್ಕೊಂಡು ಹೋದರೆ ಅರ್ಧ ದಾರೀಲಿ ನಿಲ್ತೀರಿ ಮಾರಾಯ್ರೆ. ಎದುರಿಗೆ ಕೂತ ಪ್ಲಾಂಟರ್ ಮೊದಲು ಅಳೆಯೋದು ನಿಮಗೆ ಅವರ ವ್ಯವಹಾರ ಗೊತ್ತೋ ಇಲ್ವೋ ಅಂತ. ಪಾರ್ಚ್‌ಮೆಂಟ್ ಯಾವುದು, ಚೆರಿ ಯಾವುದು ಗೊತ್ತಿಲ್ಲದೆ ಕಾಫಿ ಬ್ರ್ಯಾಂಡ್ ಬಗ್ಗೆ ಮಾತಾಡಬಾರದು. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನ ಇಡಿಯಾಗಿ ಕಣದಲ್ಲಿ ಒಣಗಿಸಿದ್ದು ಚೆರಿ. ಬೆಲೆ ಹೇಳೋದು 50 ಕೆಜಿ ಮೂಟೆಗೆ. ಅವರು "ಇವತ್ತು ಅರೇಬಿಕಾ ಪಾರ್ಚ್‌ಮೆಂಟ್ ಇಷ್ಟು" ಅಂದಾಗ "ಕೆಜಿಗಾ ಸರ್?" ಅಂದ್ರೆ ಅಲ್ಲಿಗೆ ಮುಗೀತು.

ಬಾಯಿಪಾಠ ಇರಬೇಕಾದ ಇನ್ನೆರಡು ಸಂಗತಿ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕ (ಇದು ಇಂಥ ಊರಿನ ಬೆಳೆ ಅನ್ನೋ ಸರ್ಕಾರಿ ಗುರುತು, ಜಿಐ) ಸಿಕ್ಕಿದೆ. ಚೆನ್ನಾಗಿ ಕೇಳುತ್ತೆ ಅಂತ ಆ ಹೆಸರನ್ನ, ಆ ಗುರುತನ್ನ ಪೊಟ್ಟಣದ ಮೇಲೆ ಹಾಕೋ ಹಾಗಿಲ್ಲ. ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು. ಆಮೇಲೆ ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ 51%ಗಿಂತ ಕಡಿಮೆ ಇರಬಾರದು, ಎಷ್ಟು ಬೆರೆಸಿದೆ ಅಂತ ಪೊಟ್ಟಣದ ಮೇಲೆ ನಮೂದಿಸಬೇಕು. ಡಿಸೈನ್ ತೋರಿಸುವಾಗ ಈ ಎರಡು ಪ್ರಶ್ನೆ ನೀವೇ ಎತ್ತಿದರೆ, ಮುಂದಿನ ಮೀಟಿಂಗ್‌ಗೆ ಅವರೇ ಕರೀತಾರೆ.

ಹಾಸನ ಕಡೆಯ ಪ್ರವಾಸೋದ್ಯಮದವರಿಗೂ ಇದೇ ಮಾತು. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ, ಈ ಮೂರು. ಮೂರನೆಯದು ಮೈಸೂರು ಜಿಲ್ಲೆಯದ್ದು. ಹೊಯ್ಸಳರ ಗುಡಿ ಕಂಡಲ್ಲೆಲ್ಲಾ "ವಿಶ್ವ ಪರಂಪರೆ" ಅಂತ ಬ್ಯಾನರ್ ಬರೆಸೋರು ಗೈಡ್‌ಗಳ ಎದುರು ನಗೆಪಾಟಲಾಗ್ತಾರೆ.

ಮೂಡಿಗೆರೆ_ಮಳೆ

ಒಂದು ಸಾಲು ನಂದೂ ಇರಲಿ. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸೋದು ನೆಟ್‌ವರ್ಕಿಂಗ್ ಅಲ್ಲ. ಅಂಥವರ ನಂಬರ್ ಮ್ಯೂಟ್‌ನಲ್ಲಿರುತ್ತೆ. ಆಮೇಲೆ ಕೆಲಸದ ಮೆಸೇಜ್ ಕಳಿಸಿದರೂ ಅದೇ ಗುಂಡಿಗೆ.

ಮಾತಿನ_ಮನೆ

ಮಾತಿನ ಬಗ್ಗೆ ನಾನು ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಪರಿಚಯ ಹೇಳೋದು 30 ಸೆಕೆಂಡ್, ಅಂದ್ರೆ ಕನ್ನಡದಲ್ಲಿ ನಾಲ್ಕೈದು ಸಾಲು. ಹೆಚ್ಚಿನವರು ಹೇಳೋದು ಹೀಗೆ: "ನಾನು ಡಿಜಿಟಲ್ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್, ಎಸ್‌ಇಒ, ಸೋಷಿಯಲ್ ಮೀಡಿಯಾ, ಲೀಡ್ ಜನರೇಷನ್ ಎಲ್ಲಾ ನೋಡ್ಕೊಳ್ತೀನಿ." ಕೇಳಿದವರು "ಓ, ಒಳ್ಳೇದು" ಅಂದು ತಟ್ಟೆ ಹಿಡ್ಕೊಂಡು ಊಟದ ಕಡೆ ಹೋಗ್ತಾರೆ. ಅದನ್ನೇ ಹೀಗೆ ತಿರುಗಿಸಿ: "ಹೋಂಸ್ಟೇಗಳಲ್ಲಿ ಶನಿವಾರ ರೂಮ್ ತಾನಾಗೇ ತುಂಬುತ್ತೆ. ಸೋಮವಾರದಿಂದ ಗುರುವಾರದ ತನಕ ಖಾಲಿ ಇರೋ ರೂಮ್ ತುಂಬಿಸೋದು ನನ್ನ ಕೆಲಸ. ಈಗ ಮನೆಯಿಂದಲೇ ಕೆಲಸ ಮಾಡೋ ಐಟಿಯವರನ್ನ ವಾರದ ಮಧ್ಯೆ ಕರೆಸೋದಕ್ಕೆ ನೋಡ್ತಿದೀವಿ. ನಿಮ್ಮಲ್ಲಿ ವಾರದ ಮಧ್ಯೆ ಹೇಗಿದೆ?" ಹುದ್ದೆಯ ಹೆಸರೇ ಇಲ್ಲ, ತೊಂದರೆಯ ಹೆಸರಿದೆ, ಪ್ರಶ್ನೆಯಲ್ಲಿ ಮುಗಿಯುತ್ತೆ. ಎದುರಿನವರು ಮಾತಾಡೋಕೆ ಶುರು ಮಾಡಿದ ಮೇಲೆ ನಿಮ್ಮ ಅಳುಕಿನ ಮುಕ್ಕಾಲು ಪಾಲು ಇಳಿದಿರುತ್ತೆ, ಯಾಕಂದ್ರೆ ಇನ್ನು ನೀವು ಮಾಡಬೇಕಾದ್ದು ಕೇಳೋದು ಮಾತ್ರ.

ಇದನ್ನ ಬರೆದು ಉರು ಹೊಡೆಯಬೇಡಿ. ಮೊಬೈಲ್‌ನಲ್ಲಿ ಐದು ಸಲ ರೆಕಾರ್ಡ್ ಮಾಡಿ, ಪ್ರತಿ ಸಲ ಮಾತು ಸ್ವಲ್ಪ ಬೇರೆಯಾಗಿ. ಮೂರನೇ ಸಲ ಕೇಳಿಸಿಕೊಂಡಾಗ ಎಲ್ಲಿ "ಅಂದ್ರೆ... ಏನಂದ್ರೆ..." ಬರುತ್ತೆ ಅಂತ ಗೊತ್ತಾಗುತ್ತೆ. ಅಲ್ಲಿ ಶಬ್ದದ ಬದಲು ಒಂದು ಉಸಿರು ಬಿಡಿ. ಕೇಳೋರಿಗೆ ಅದು ಗಾಂಭೀರ್ಯದ ಹಾಗೆ ಕಾಣುತ್ತೆ, ಒಳಗೆ ಗಾಬರಿ ಇದ್ರೂ.

ನಿಂತು ಮಾತಾಡೋ ಅಭ್ಯಾಸಕ್ಕೆ ಟೋಸ್ಟ್‌ಮಾಸ್ಟರ್ಸ್ ಅನ್ನೋ ಭಾಷಣ ಕ್ಲಬ್‌ಗಳ ಪದ್ಧತಿ ಚೆನ್ನಾಗಿದೆ. 1924ರಿಂದ ನಡೆದು ಬಂದದ್ದು. ಸಾಮಾನ್ಯ ಭಾಷಣ 5ರಿಂದ 7 ನಿಮಿಷ. 5ಕ್ಕೆ ಹಸಿರು, 6ಕ್ಕೆ ಹಳದಿ, 7ಕ್ಕೆ ಕೆಂಪು ತೋರಿಸ್ತಾರೆ. ಸಿದ್ಧತೆ ಇಲ್ಲದ ವಿಷಯಕ್ಕೆ 1ರಿಂದ 2 ನಿಮಿಷ. "ಆಂ, ಊಂ" ಎಣಿಸೋಕೇ ಒಬ್ಬರು ಇರ್ತಾರೆ. ಆನ್‌ಲೈನ್‌ನಲ್ಲಿ ನಡೆಸೋ ಕ್ಲಬ್‌ಗಳಿಗೆ ಇಲ್ಲಿಂದಲೇ ಅತಿಥಿಯಾಗಿ ಕೂರಬಹುದು. ಬೇಡ ಅಂದ್ರೆ ಐದು ಜನ ಸೇರಿ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಇದೇ ನಿಯಮ ಇಟ್ಕೊಂಡು ಮಾಡಿ. ಕಾಫಿ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ. ಒಂದೇ ಎಚ್ಚರ: ಐವರಲ್ಲಿ ಒಬ್ಬರಾದರೂ ಮುಖ ನೋಡದೆ ತಪ್ಪು ಹೇಳೋರು ಇರಬೇಕು. ಇಲ್ಲದಿದ್ದರೆ ಮೂರನೇ ಸಲಕ್ಕೆ ಅದು ಹರಟೆ ಕಟ್ಟೆ ಆಗುತ್ತೆ.

ಇಂಗ್ಲಿಷ್ ಭಯ ಇರೋರಿಗೆ: ಬೆಂಗಳೂರಿನ ಏಜೆನ್ಸಿ ಕಾಲ್‌ನಲ್ಲಿ ಇಡೀ ಭಾಷೆ ಬೇಕಾಗಲ್ಲ, ಹತ್ತು ಹನ್ನೆರಡು ವಾಕ್ಯ ಸಾಕಾಗುತ್ತೆ. ಕೊನೇ ಅಂಕಿ ಮತ್ತೆ ಹೇಳಿ ಅನ್ನೋದು, ಇದು ಯಾವ ಅವಧಿಯ ಲೆಕ್ಕ ಅಂತ ಕೇಳೋದು, ನೋಡಿ ನಾಳೆ 11ಕ್ಕೆ ಉತ್ತರ ಕೊಡ್ತೀನಿ ಅನ್ನೋದು, ಇದಕ್ಕೆ ನಾವು ಒಪ್ಪಲ್ಲ ಕಾರಣ ಇದು ಅನ್ನೋದು. ಈ ವಾಕ್ಯಗಳನ್ನ ಬಾಯಿಗೆ ರೂಢಿ ಮಾಡ್ಕೊಳ್ಳಿ. ಕಾಲ್ ಮುಗಿದ ಅರ್ಧ ಗಂಟೆಯೊಳಗೆ "ಇವತ್ತು ಒಪ್ಪಿದ್ದು ಇಷ್ಟು" ಅಂತ ಮೂರು ಅಂಶ ಮೇಲ್ ಹಾಕಿ. ಕಾಲ್‌ನಲ್ಲಿ ಹೆಚ್ಚು ಮಾತಾಡಿದವರು ಯಾರಾದರೂ ಆಗಿರಲಿ, ಮುಂದೆ ಎಲ್ಲರೂ ಹುಡುಕೋದು ಆ ಮೇಲನ್ನೇ.

ಬಿಎಂ_ರಸ್ತೆ

ಮೇಡಂ, ಪರಿಚಯದ ಉದಾಹರಣೆ ನೇರ ಕದೀತೀನಿ. ಇನ್ನೊಂದು ಕೇಳಬೇಕು. ನಮ್ಮ ಕಡೆ ಸಭೆ ಸಮಾರಂಭದಲ್ಲಿ ಮೊದಲ ಪ್ರಶ್ನೆ "ಯಾವೂರು?", ಎರಡನೇದು "ಯಾರ ಪೈಕಿ?" ಅಲ್ಲೇ ಹುಡುಗರು ಮುದುಡಿಕೊಳ್ತಾರೆ. ಏನು ಹೇಳೋದು? ಮತ್ತೆ ಹೆಣ್ಣುಮಕ್ಕಳು ಸಂಜೆ ಕ್ಲಬ್ಬಿನ ಕಾರ್ಯಕ್ರಮಕ್ಕೆ ಹೋಗೋ ಬಗ್ಗೆ ಯಾರಾದರೂ ಬರೀರಿ.

ಹೇಮಾವತಿ_ದಂಡೆ

"ಯಾರ ಪೈಕಿ" ಅನ್ನೋದು ಕೆಲವರ ಬಾಯಲ್ಲಿ ಬರೀ ನಂಟು ಹುಡುಕೋ ಪ್ರಶ್ನೆ, ಕೆಲವರ ಬಾಯಲ್ಲಿ ಜಾತಿ ಕೇಳೋ ದಾರಿ. ಎರಡಕ್ಕೂ ಒಂದೇ ಉತ್ತರ ಇಟ್ಕೊಳ್ಳಿ: ಊರು, ಕೆಲಸ, ಮರುಪ್ರಶ್ನೆ. "ಆಲೂರು ಕಡೆಯವಳು ಸರ್, ಈಗ ಇಂಥ ರೆಸಾರ್ಟ್‌ನಲ್ಲಿ ಮಾರ್ಕೆಟಿಂಗ್ ನೋಡ್ಕೊಳ್ತೀನಿ. ನಿಮ್ಮ ತೋಟ ಯಾವ ಕಡೆ?" ತೋಟದ ಮಾತು ಬಂದ ಮೇಲೆ ಪೈಕಿ ಮಾತು ಬಹುಮಟ್ಟಿಗೆ ಮರೆತುಹೋಗುತ್ತೆ. ಮತ್ತೂ ಕೆದಕಿದರೆ ನಕ್ಕು ಮುಂದಿನವರ ಕಡೆ ಹೋಗಿ. ಅಂಥವರಿಂದ ಬರೋ ಉಪಕಾರಕ್ಕೆ ಬಡ್ಡಿ ಜಾಸ್ತಿ.

ಸಂಜೆಯ ಕಾರ್ಯಕ್ರಮ: ಶುರುವಾಗೋ ಹೊತ್ತಿಗೆ ಹೋಗಿ, ತಡವಾಗಿ ಅಲ್ಲ. ಮೊದಲ 45 ನಿಮಿಷದಲ್ಲಿ ಜನ ಕಡಿಮೆ, ಗುಂಪು ಕಟ್ಟಿರಲ್ಲ, ಆಯೋಜಕರೇ ಬಾಗಿಲಲ್ಲಿ ನಿಂತು ಪರಿಚಯ ಮಾಡಿಸ್ತಾರೆ. ಕುಡಿಯೋ ಸುತ್ತು ಶುರುವಾದ ಮೇಲೆ ವ್ಯವಹಾರದ ಮಾತು ನಡೆಯಲ್ಲ, ಗಂಡಸರದ್ದೂ ನಡೆಯಲ್ಲ, ಅವರು ಹಾಗೆ ಅಂದ್ಕೊಂಡಿರ್ತಾರೆ ಅಷ್ಟೆ. ಹೊರಡೋ ಗಾಡಿ ಮೊದಲೇ ಗೊತ್ತು ಮಾಡ್ಕೊಂಡಿರಿ. ಕೊಡೋದು ವ್ಯಾಪಾರದ ನಂಬರ್, ಎರಡನೇ ಸಿಮ್‌ನಲ್ಲಿ ವಾಟ್ಸಾಪ್ ಬಿಸಿನೆಸ್. ಅದರಲ್ಲಿ ಕೆಲಸದ ವೇಳೆ ನಿಗದಿ ಮಾಡಿ ಉಳಿದ ಹೊತ್ತಿಗೆ ತಾನಾಗಿ ಉತ್ತರ ಹೋಗೋ ಹಾಗೆ ಇಡಬಹುದು. ರಾತ್ರಿ ಹತ್ತಕ್ಕೆ "ಊಟ ಆಯ್ತಾ" ಅಂತ ಬಂದರೆ ಬೆಳಿಗ್ಗೆ ಹತ್ತಕ್ಕೆ ಕೆಲಸದ ವಿಷಯ ಮಾತ್ರ ಬರೆದು ಕಳಿಸಿ.

ಮದುವೆ ಮನೆಯಲ್ಲಿ ವಿಸಿಟಿಂಗ್ ಕಾರ್ಡ್ ಹಂಚಬೇಡಿ. ಪಂಕ್ತಿಯಲ್ಲಿ ಪಕ್ಕ ಕೂತವರ ಜೊತೆ ಮಾತಾಡಿ, ಹೆಸರು ನೆನಪಿಟ್ಕೊಳ್ಳಿ, ಮೂರನೇ ದಿನ ಕರೆ ಮಾಡಿ.

ಲೆಕ್ಕದ_ಪುಟ

ಆ ಮೂರನೇ ದಿನದ ಕರೆ ವಿಷಯಕ್ಕೇ ಬರ್ತಿದ್ದೆ. ಪರಿಚಯ ಸಾಯೋದು ಅಲ್ಲೇ, ಭೇಟಿಯಾದ ಮೇಲೆ ಸುಮ್ಮನಿದ್ದುಬಿಟ್ಟರೆ. ಮೆಸೇಜ್ ಹೀಗಿರಲಿ: "ನಮಸ್ಕಾರ ಸರ್. ಭಾನುವಾರ ಸಕಲೇಶಪುರದ ಸಭೆಯಲ್ಲಿ ಸಿಕ್ಕಿದ್ದೆ. ಗೂಗಲ್ ಮ್ಯಾಪಲ್ಲಿ ನಿಮ್ಮ ಹೋಂಸ್ಟೇ ಗುರುತು ಪಕ್ಕದ ಎಸ್ಟೇಟ್ ಗೇಟಿಗೆ ಹೋಗುತ್ತೆ ಅಂದಿದ್ರಿ. ಸರಿ ಮಾಡೋ ವಿಧಾನ ಎರಡು ಸ್ಕ್ರೀನ್‌ಶಾಟ್‌ನಲ್ಲಿ ಕಳಿಸಿದೀನಿ." ಇಷ್ಟೇ. ಕೆಲಸ ಕೇಳಿಲ್ಲ, ಬ್ರೋಷರ್ ಅಂಟಿಸಿಲ್ಲ. ಗುಡ್ಡದ ಸಂದಿಯಲ್ಲಿ ಸಿಗ್ನಲ್ ಒಂದು ಕಡ್ಡಿ ಇರೋ ಕಡೆ 14 ಎಂಬಿ ಪಿಡಿಎಫ್ ತೆರೆಯೋಲ್ಲ, ತೆರೆಯೋವರೆಗೆ ಯಾರೂ ಕಾಯೋದೂ ಇಲ್ಲ.

ಒಂದು ಶೀಟ್ ಮಾಡಿ: ಹೆಸರು, ಎಲ್ಲಿ ಸಿಕ್ಕಿದ್ದು, ಅವರ ಸದ್ಯದ ತಲೆನೋವು, ನಾನು ಕೊಟ್ಟ ಮಾತು, ಮುಂದಿನ ದಿನಾಂಕ. ನಲವತ್ತು ಜನ ಸಾಕು. ಹತ್ತಿರದ 10 ಜನರಿಗೆ ತಿಂಗಳಿಗೊಮ್ಮೆ, ಉಳಿದ 30 ಜನರಿಗೆ ಮೂರು ತಿಂಗಳಿಗೊಮ್ಮೆ. ಲೆಕ್ಕ ಹಾಕಿದರೆ ತಿಂಗಳಿಗೆ 20 ಮೆಸೇಜ್, ವಾರಕ್ಕೆ ಐದು. ಇದಕ್ಕಿಂತ ಹೆಚ್ಚು ಮಾಡೋಕೆ ಹೋದವರು ಒಂದೇ ಮೆಸೇಜ್ ಎಲ್ಲರಿಗೂ ಒಟ್ಟಿಗೆ ಕಳಿಸೋ ಬ್ರಾಡ್‌ಕಾಸ್ಟ್‌ಗೆ ಇಳೀತಾರೆ. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದೂ ನಿಮ್ಮ ನಂಬರ್ ಸೇವ್ ಮಾಡ್ಕೊಂಡವರಿಗೆ ಮಾತ್ರ ತಲುಪೋದು. "ಕಳಿಸಿದೀನಿ, ಯಾರೂ ಉತ್ತರ ಕೊಡಲ್ಲ" ಅನ್ನೋರಲ್ಲಿ ಎಷ್ಟೋ ಜನರ ಮೆಸೇಜ್ ಹೋಗೇ ಇರಲ್ಲ.

ಇಬ್ಬರನ್ನ ಒಬ್ಬರಿಗೊಬ್ಬರು ಪರಿಚಯ ಮಾಡಿಸೋದು ದೊಡ್ಡ ಉಪಕಾರ. ಆದರೆ ಇಬ್ಬರನ್ನೂ ಬೇರೆ ಬೇರೆ ಕೇಳದೆ ಗ್ರೂಪ್ ಮಾಡಿ ತಳ್ಳಬೇಡಿ. ಒಬ್ಬರಿಗೆ ಇನ್ನೊಬ್ಬರ ಹತ್ತಿರ ಬಾಕಿ ಇರಬಹುದು, ಗಡಿ ತಕರಾರು ಇರಬಹುದು.

ಲಿಂಕ್ಡ್‌ಇನ್ ಬಗ್ಗೆ: ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರ, ಪರಿಚಯದ ಭಾಗಕ್ಕೆ 2,600. ಕನ್ನಡದಲ್ಲಿ ಬರೆಯೋರು ಗಮನಿಸಿ, ಒತ್ತು, ಗುಣಿತ ಎಲ್ಲಾ ಬೇರೆ ಬೇರೆ ಎಣಿಕೆಯಾಗುತ್ತೆ. "ಕ್ಷಿ" ಒಂದೇ ಅಕ್ಷರದ ಹಾಗೆ ಕಂಡರೂ ನಾಲ್ಕು. ಎಸ್‌ಎಂಎಸ್‌ನಲ್ಲೂ ಇದೇ ಪೇಚು: ಇಂಗ್ಲಿಷ್‌ಗೆ 160, ಕನ್ನಡಕ್ಕೆ 70, ದಾಟಿದರೆ ಎರಡು ಮೆಸೇಜಿನ ದುಡ್ಡು.

ದೂರದ ಪರಿಚಯ ಅಂತ ತಳ್ಳಿಹಾಕಬೇಡಿ. ಕೆಲಸದ ಸುದ್ದಿ ಗೆಳೆಯರಿಗಿಂತ ಅರೆಪರಿಚಿತರಿಂದ ಬರೋದು ಹೆಚ್ಚು ಅಂತ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞ 1973ರಲ್ಲೇ ವಾದಿಸಿದ್ದ. 2022ರಲ್ಲಿ ಎರಡು ಕೋಟಿ ಲಿಂಕ್ಡ್‌ಇನ್ ಬಳಕೆದಾರರ ಮಾಹಿತಿ ನೋಡಿದ ಅಧ್ಯಯನಕ್ಕೂ ಬಹುಪಾಲು ಅದೇ ಸಿಕ್ಕಿತು. ತೀರಾ ದೂರವೂ ಅಲ್ಲ, ತೀರಾ ಹತ್ತಿರವೂ ಅಲ್ಲದ ನಂಟು ಹೆಚ್ಚು ಉಪಯೋಗಕ್ಕೆ ಬಂದಿತ್ತು. ಕಾರಣ ಸರಳ: ನಿಮ್ಮ ಗೆಳೆಯನಿಗೆ ಗೊತ್ತಿರೋದು ನಿಮಗೂ ಗೊತ್ತಿರುತ್ತೆ.

ಅರಸೀಕೆರೆ_ತೆಂಗು

ಎಲ್ಲಾ ಸರಿ ಸ್ವಾಮಿ, ವಾರವಾರ ಬೆಳಿಗ್ಗೆ ಸೇರೋ, ದುಡ್ಡು ಕಟ್ಟೋ ರೆಫರಲ್ (ಒಬ್ಬರಿಗೊಬ್ಬರು ಗಿರಾಕಿ ಕಳಿಸಿಕೊಡೋ) ಗುಂಪುಗಳ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ಬಿಎನ್‌ಐ ಥರದವು. ಒಂದು ವೃತ್ತಿಗೆ ಒಂದೇ ಸೀಟು, ಹಾಜರಿ ಕಡ್ಡಾಯ, ಒಬ್ಬೊಬ್ಬರಿಗೂ ಒಂದು ನಿಮಿಷದೊಳಗಿನ ಮಾತು. ಅಂಗಡಿ, ಏಜೆನ್ಸಿ ಸ್ವಂತದ್ದಾಗಿದ್ದರೆ ಯೋಚಿಸಿ. ಸಂಬಳಕ್ಕಿರೋ ಹುಡುಗನಿಗೆ ಅದು ನಷ್ಟದ ಬಾಬತ್ತು, ಯಾಕಂದ್ರೆ ಬರೋ ರೆಫರಲ್ ಮಾಲೀಕನದ್ದು, ಕಟ್ಟೋ ದುಡ್ಡು ಇವನದ್ದು. ಕಂಪನಿಯೇ ದುಡ್ಡು ಕಟ್ಟಿದರೆ ಹೋಗಿ, ಬಿಡಬೇಡಿ.

ಅದೇ ದುಡ್ಡಲ್ಲಿ ತಿಂಗಳಿಗೊಂದು ಸಲ ಬೆಂಗಳೂರಿಗೆ ಹೋಗಿ ಬರಬಹುದು. ಶ್ರವಣಬೆಳಗೊಳದ ಮೇಲೆ ರೈಲು ಇದೆ. ಆದರೆ ಬರಿಗೈಲಿ ಹೋಗಿ ಎಕ್ಸ್‌ಪೋದಲ್ಲಿ ಚೀಲ ತುಂಬಾ ಪಾಂಪ್ಲೆಟ್ ತುಂಬ್ಕೊಂಡು ಬರೋದು ದಂಡ. ಹೋಗೋ ಹತ್ತು ದಿನ ಮೊದಲು ಮೂವರಿಗೆ ಬರೀರಿ, 20 ನಿಮಿಷ ಕೇಳಿ. ಇಬ್ಬರು ಸಿಕ್ಕರೆ ಟಿಕೆಟ್ ತಗೊಳ್ಳಿ. ಒಬ್ಬರೂ ಸಿಗದಿದ್ದರೆ ಮನೇಲಿರಿ.

ಮೂಡಿಗೆರೆ_ಮಳೆ

ಗೂಗಲ್ ಆಡ್ಸ್ ಸರ್ಟಿಫಿಕೇಟ್ ಹಾಕ್ಕೊಳ್ಳೋರಿಗೆ: ಪರೀಕ್ಷೆ ಪುಕ್ಕಟೆ, ಆದರೆ ಒಂದು ವರ್ಷಕ್ಕೆ ಅವಧಿ ಮುಗಿಯುತ್ತೆ. 2021ರದ್ದನ್ನ ಫ್ರೇಮ್ ಹಾಕಿಸಿ ಇಟ್ಟಿದೀರಾ ಅಂದ್ರೆ ನೋಡಿದವರಿಗೆ ಗೊತ್ತಾಗೋದು ನೀವು ಆಮೇಲೆ ಓದಿಲ್ಲ ಅಂತ.

ಕಾಫಿ_ಕಣ

ಯಾರನ್ನ ಯಾವಾಗ ಮಾತಾಡಿಸೋದು ಅನ್ನೋದೂ ಬರಲಿ. ನವೆಂಬರ್‌ನಿಂದ ಫೆಬ್ರವರಿ ಕೊಯ್ಲು: ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಆಳು ಸಿಗದೆ, ಕಣದಲ್ಲಿ ಕಾಫಿ ಹರಡಿಕೊಂಡು, ಮೋಡ ನೋಡ್ತಾ ನಿಂತಿರೋರ ಹತ್ತಿರ ಬ್ರ್ಯಾಂಡಿಂಗ್ ಮಾತಾಡಿದರೆ ಬೈಸ್ಕೊಳ್ತೀರಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳೋಕೆ ಬೇಕಾದ ಮಳೆ) ಚಿಂತೆ. ಆ ಮಳೆ ಬಿದ್ದ ಮೇಲೆ ಮನಸ್ಸು ಹಗುರಾಗಿರುತ್ತೆ, ಆಗ ಹೋಗಿ. ಜೋರು ಮಳೆಗಾಲದಲ್ಲಿ ತೋಟದವರು ಮನೇಲಿ ಸಿಗ್ತಾರೆ, ಫೋನ್ ಸಿಗಲ್ಲ.

ಹೋಂಸ್ಟೇಯವರಿಗೆ ಶುಕ್ರವಾರದಿಂದ ಭಾನುವಾರ ಕರೆ ಮಾಡಲೇಬೇಡಿ. ಮಂಗಳವಾರ ಹನ್ನೊಂದು ಗಂಟೆ ಒಳ್ಳೇ ಹೊತ್ತು. ಹಾಸನದ ಹೋಟೆಲ್‌ನವರಿಗೆ ದೀಪಾವಳಿ ಹೊತ್ತಿಗೆ ಹಾಸನಾಂಬೆ ಗುಡಿಯ ಬಾಗಿಲು ತೆರೆದಿರೋ ದಿನಗಳಲ್ಲಿ ತಲೆ ಎತ್ತೋಕೆ ಪುರುಸೊತ್ತಿರಲ್ಲ. ಜಾಹೀರಾತು ಮಾತು ದೀಪಾವಳಿಗೆ ಎರಡು ತಿಂಗಳು ಮೊದಲೇ ಆಗಬೇಕು.

ಕೊನೇದು, ಇದಕ್ಕೆ ಬಿದ್ದವರೇ ಜಾಸ್ತಿ. ಹೊಸ ಕಡೆ ಕೆಲಸ ಕೇಳೋಕೆ ಹೋಗಿ ಹಳೇ ಕಂಪನಿಯ ಗ್ರಾಹಕರ ಪಟ್ಟಿ, ದರಪಟ್ಟಿ ತೋರಿಸೋದು. ಆ ಇಬ್ಬರು ಮಾಲೀಕರು ಷಡ್ಡಕರಾಗಿರ್ತಾರೆ ಮಾರಾಯ್ರೆ! ಸಂಜೆಯೊಳಗೆ ಸುದ್ದಿ ವಾಪಸ್ ಬರುತ್ತೆ. ಶೇಕಡಾವಾರು ಮಾತ್ರ ಹೇಳಿ: "ವಾರದ ಮಧ್ಯದ ಬುಕಿಂಗ್ ಶೇಕಡಾ ಮೂವತ್ತು ಹೆಚ್ಚಾಯ್ತು." ಹೆಸರು, ರೂಪಾಯಿ ಬೇಡ.

ಬಿಎಂ_ರಸ್ತೆ

ಸಂಬಳ ಹೆಚ್ಚು ಕೇಳೋ ಬಗ್ಗೆ?

ಲೆಕ್ಕದ_ಪುಟ

ಮಾರ್ಚ್ ಕೊನೆಗೆ ಕೇಳಿದರೆ ತಡವಾಯ್ತು, ಮುಂದಿನ ವರ್ಷದ ಲೆಕ್ಕ ಅಷ್ಟರಲ್ಲಿ ಮುಗಿದಿರುತ್ತೆ. ಫೆಬ್ರವರಿ ಮೊದಲ ವಾರ "20 ನಿಮಿಷ ಕೊಡಿ ಸರ್, ವರ್ಷದ ಕೆಲಸ ತೋರಿಸ್ತೀನಿ" ಅಂತ ಸಮಯ ತಗೊಳ್ಳಿ. ಶುಕ್ರವಾರದ ಫೈಲ್‌ನಿಂದ ಒಂದೇ ಪುಟ: ಮೂರು ಗೆಲುವು, ಒಂದು ಸೋಲು ಮತ್ತು ಅದನ್ನ ಸರಿ ಮಾಡಿದ ರೀತಿ, ಮುಂದಿನ ವರ್ಷ ಹೆಚ್ಚುವರಿಯಾಗಿ ಹೊರೋ ಒಂದು ಹೊಣೆ. ಕೊನೆಗೆ ಒಂದು ಅಂಕಿ. "ನೀವೇ ನೋಡಿ ಮಾಡಿ ಸರ್" ಅನ್ನಬೇಡಿ, ಅವರು ನೋಡಿ ಮಾಡೋದು ಎಷ್ಟು ಅಂತ ಎಲ್ಲರಿಗೂ ಗೊತ್ತು. ಅಂಕಿ ಹೇಳಿ ಬಾಯಿ ಮುಚ್ಕೊಳ್ಳಿ. ಆಮೇಲಿನ ಮೌನ ತುಂಬೋಕೆ ನೀವೇ ಹೋಗಿ "ಇಲ್ಲಾಂದ್ರೆ ಸ್ವಲ್ಪ ಕಮ್ಮಿ ಆದ್ರೂ..." ಅಂದುಬಿಡ್ತೀರಿ, ಕೆಡೋದು ಅಲ್ಲೇ. ಆಗಲ್ಲ ಅಂದರೆ "ಯಾವ ಅಂಕಿ ತಲುಪಿದರೆ ಆಗುತ್ತೆ, ಯಾವ ತಿಂಗಳಲ್ಲಿ ಮತ್ತೆ ಕೂರೋಣ?" ಅಂತ ಕೇಳಿ, ಅವತ್ತೇ ಮೇಲ್‌ನಲ್ಲಿ ಬರೆದು ಕಳಿಸಿ.

ಹೇಮಾವತಿ_ದಂಡೆ

ಆ ಮೇಲ್ ಮಾಲೀಕರ ಮಗನಿಗೂ ಪ್ರತಿ ಹೋಗಲಿ. ನಮ್ಮ ಕಡೆ ಮೇಲ್ ತೆಗೆದು ಓದೋದು ಸಾಮಾನ್ಯವಾಗಿ ಅವನೇ.